ಗೊಬ್ಬೂರಿನಲ್ಲಿ ಜಪಾನಿ ಅಕ್ಷರಾಭ್ಯಾಸ

ಗೊಬ್ಬೂರಿನಲ್ಲಿ ಕುಳಿತು ಜಪಾನಿ ಭಾಷೆಯನ್ನು ಕಲಿಯಲಾರಂಭಿಸಿದ ನನಗೆ ಮೊದಲ ತಿಂಗಳು ಹರ್ಷದಾಯಕವಾಗಿತ್ತು. ‘ನಾನು ಕಾಳನ್ನು ಮಾರುತ್ತೇನೆ’ ಎಂಬುದು ‘ವಾತಾಶಿ ವಾ ಮಾಮೆ ಒ ಉರಿಮಾಸು’ ಎಂದಾಗುತ್ತದೆ. ಪದಗಳ ಕ್ರಮ ಕನ್ನಡದ್ದೇ. ವಿಭಕ್ತಿ ನಾಮಪದದ ನಂತರ, ಕ್ರಿಯಾಪದ ಕಟ್ಟಕಡೆಗೆ. ಹಿರಗಾನ, ಕತಕಾನಗಳ ತಲಾ 46 ಮೂಲಾಕ್ಷರಗಳೂ ಅ, ಇ, ಉ, ಎ, ಒ. ಕ, ಸ, ತ, ನ ಎಂದೇ ಸಾಗುತ್ತವೆ. ಬೌದ್ಧ ಧರ್ಮದೊಡನೆ ಅಲ್ಲಿಗೆ ತಲುಪಿದ ಸಂಸ್ಕೃತ ವರ್ಣಮಾಲೆಯ ಛಾಯೆಯದು.

ಸಂಕಟವೆಲ್ಲ ಚೀನೀ ಮೂಲದ ‘ಕಾಂಜಿ’ ಚಿಹ್ನೆಗಳದು. 2010ರಲ್ಲಿ ಪರಿಷ್ಕೃತವಾದ ಸರ್ಕಾರಿ ಪಟ್ಟಿಯಲ್ಲಿ ನಿತ್ಯಬಳಕೆಯವೇ 2136 ಇವೆ. ಮನುಷ್ಯನನ್ನು ಸೂಚಿಸುವ ಎರಡೇ ಗೆರೆಗಳ ಚಿಹ್ನೆ ಒಂಟಿಯಾಗಿದ್ದರೆ ‘ಹಿತೊ’, ‘ನಿಹೊನ್‌ಜಿನ್’ ಎಂಬಲ್ಲಿ ‘ಜಿನ್’, ‘ಸನ್ನಿನ್’ ಎಂಬಲ್ಲಿ ‘ನಿನ್’. ಬರೆದಂತೆ ಓದುವ ಕನ್ನಡಿಗನಿಗೆ ಇದು ಅನ್ಯಾಯವೆನಿಸದಿರದು! ರಾತ್ರಿ ಕಲಿತ ಹತ್ತರಲ್ಲಿ ಬೆಳಿಗ್ಗೆ ನಾಲ್ಕು ಉಳಿದರೆ ಅದೇ ಲಾಭವೆಂದು ಲೆಕ್ಕ ಬರೆದುಕೊಂಡೆ. ಸೋತ ದಿನಗಳಲ್ಲಿ ಮತ್ತೆ ವ್ಯಾಕರಣಕ್ಕೆ ಮರಳುವುದೇ ಸಮಾಧಾನ.

ಬೆಂಗಳೂರಿನಲ್ಲೂ ನಡೆಯುವ ಜೆ.ಎಲ್.ಪಿ.ಟಿ. ಪರೀಕ್ಷೆಗೆ 2010ರಿಂದ ಐದು ಹಂತಗಳಿವೆ. ಅದು ಪದಸಂಪತ್ತು, ವ್ಯಾಕರಣ, ಓದು, ಆಲಿಸುವಿಕೆಗಳನ್ನು ಅಳೆಯುತ್ತದೆ. ಮಾತನ್ನೂ ಕೈಬರಹವನ್ನೂ ಅಳೆಯದು. ಪ್ರಮಾಣಪತ್ರ ನೋಡಿ ದುಭಾಷಿಯನ್ನು ನೇಮಿಸಿಕೊಳ್ಳುವ ವರ್ತಕ ಬಾಂಧವರು, ಜಪಾನಿ ಬಲ್ಲವರಿಂದ ಹತ್ತು ನಿಮಿಷ ಮಾತನಾಡಿಸಿ ನೋಡುವುದು ಲೇಸು.