ಗಾಯ ಮಾಯ್ದರೂ ಮಾಯದ ನೋವು

ನೋವು ಶರೀರದ ಕಾವಲುಗಾರ. ಮುಳ್ಳು ಚುಚ್ಚಿದ ಕಾಲನ್ನು ಹಿಂದೆಗೆಯಿಸಿ, ಹುಣ್ಣು ಮಾಯುವವರೆಗೆ ಆ ಭಾಗಕ್ಕೆ ವಿಶ್ರಾಂತಿ ದೊರಕಿಸುವುದು ಅದರ ಕರ್ತವ್ಯ. ಆದರೆ ನರಕ್ಕೇ ಪೆಟ್ಟು ಬಿದ್ದಾಗ ಗಾಯ ಮಾಯ್ದು ತಿಂಗಳುಗಳು ಕಳೆದರೂ ಕೆಲವರಲ್ಲಿ ನೋವು ಉಳಿಯುತ್ತದೆ. ಉಟ್ಟ ಬಟ್ಟೆ ಸೋಕಿದರೂ ಬೆಂಕಿ ತಗುಲಿದಂತಾಗುತ್ತದೆ. ಹೊರಗೆ ಏನೂ ಕಾಣದ ಕಾರಣ ಅದನ್ನು ಮನಸ್ಸಿನ ಭ್ರಮೆಯೆಂದು ತಳ್ಳಿಹಾಕುವವರೂ ಉಂಟು.

ಅಮೆರಿಕದ ಅಂತರ್ಯುದ್ಧದ ಕಾಲದಲ್ಲಿ ಫಿಲಡೆಲ್ಫಿಯ ನಗರದ ವೈದ್ಯ ಸೈಲಾಸ್ ವಿಯರ್ ಮಿಚೆಲ್ ಅವರು ಇಂತಹ ಯೋಧರನ್ನು ಕಂಡರು. ಗುಂಡೇಟಿನಿಂದ ನರ ಘಾಸಿಗೊಂಡ ಅವರು ಉರಿ ತಾಳಲಾರದೆ ಆ ಅಂಗವನ್ನು ಸದಾ ನೀರಿನಿಂದ ತೋಯಿಸಿಕೊಳ್ಳುತ್ತಿದ್ದರು. 1864ರಲ್ಲಿ ಮಿಚೆಲ್ ಅವರು ಇಬ್ಬರು ಸಹೋದ್ಯೋಗಿಗಳೊಡನೆ ಈ ಸಂಗತಿಗಳನ್ನು ಗ್ರಂಥವಾಗಿ ಪ್ರಕಟಿಸಿದರು.

ಈ ನೋವಿನ ಒಂದು ಮುಖ್ಯ ಮೂಲ ಬೆನ್ನುಹುರಿಯಲ್ಲಿದೆಯೆಂಬುದು ಬಹುಕಾಲದ ನಂತರ ತಿಳಿದುಬಂದಿತು. ಕೈಕಾಲುಗಳ ನೋವಿನ ಸಂದೇಶ ಮೊದಲು ಬೆನ್ನುಹುರಿಯನ್ನು ಸೇರಿ, ಅಲ್ಲಿಂದ ಮಿದುಳಿಗೆ ಏರುತ್ತದೆ. ಸಂದೇಶವನ್ನು ಬಿಡುವ ಅಥವಾ ತಡೆಯುವ ಬಾಗಿಲೊಂದು ಅಲ್ಲಿದೆಯೆಂದು 1965ರಲ್ಲಿ ಮೆಲ್ಜಾಕ್ ಮತ್ತು ವಾಲ್ ಎಂಬ ವಿಜ್ಞಾನಿಗಳು ಪ್ರತಿಪಾದಿಸಿದರು.

ಈ ಬಾಗಿಲು ಕೆಡುವುದು ಹೇಗೆ? ಬೆನ್ನುಹುರಿಯಲ್ಲಿ ನರಕೋಶಗಳ ಜೊತೆಗೆ ಮೈಕ್ರೋಗ್ಲಿಯ ಎಂಬ ರಕ್ಷಕ ಕೋಶಗಳಿವೆ. ದೂರದ ಕಾಲಿನ ನರಕ್ಕೆ ಪೆಟ್ಟಾದರೂ ಇವು ಎಚ್ಚೆತ್ತು, ಸಂಖ್ಯೆಯಲ್ಲಿ ಹೆಚ್ಚಿ, ಉರಿಯೂತದ ರಾಸಾಯನಿಕಗಳನ್ನು ಸ್ರವಿಸುತ್ತವೆ. ಇದರಲ್ಲಿ ಕೀವಿಲ್ಲ, ಕಣ್ಣಿಗೆ ಕಾಣುವ ಬಾವಿಲ್ಲ. 2003ರಲ್ಲಿ ಜಪಾನ್ ಮತ್ತು ಕೆನಡಾ ದೇಶಗಳ ಸಂಶೋಧಕರು ಈ ಕೋಶಗಳ ಮೇಲಿರುವ ಒಂದು ಗ್ರಾಹಕವನ್ನು ತಡೆದಾಗ, ನರಕ್ಕೆ ಪೆಟ್ಟಾದ ಇಲಿಗಳಲ್ಲಿ ಮುಟ್ಟಿದರೆ ಉಂಟಾಗುವ ನೋವು ತಗ್ಗಿತು. ಮೈಕ್ರೋಗ್ಲಿಯ ಸ್ರವಿಸುವ ಒಂದು ಪ್ರೋಟೀನು ನರಕೋಶದೊಳಗಿನ ಕ್ಲೋರೈಡ್ ಸಮತೋಲವನ್ನು ಕದಡುತ್ತದೆಂದು 2005ರಲ್ಲಿ ಗೊತ್ತಾಯಿತು. ಆಗ ನೋವನ್ನು ತಡೆಯಬೇಕಾದ ಸಂಕೇತವೇ ಅದನ್ನು ಕೆರಳಿಸಬಲ್ಲದು. ಬೇಲಿಯೇ ಎದ್ದು ಹೊಲವನ್ನು ಮೇಯ್ದಂತೆ!

ವಿಷಯ ಇಷ್ಟಕ್ಕೇ ಮುಗಿಯಲಿಲ್ಲ. ಮೈಕ್ರೋಗ್ಲಿಯವನ್ನು ತಡೆದರೆ ಗಂಡು ಇಲಿಗಳ ನೋವು ಇಳಿಯುವುದೆಂದೂ, ಹೆಣ್ಣು ಇಲಿಗಳಲ್ಲಿ ಹಾಗಾಗದೆಂದೂ 2015ರ ಪ್ರಯೋಗಗಳು ತೋರಿಸಿದವು. ಹೆಣ್ಣಿನ ದೇಹದಲ್ಲಿ ಬೇರೆ ರಕ್ಷಕ ಕೋಶಗಳು ಈ ಕಾರ್ಯದಲ್ಲಿ ತೊಡಗಿರಬಹುದು. ಗಂಡು ಪ್ರಾಣಿಗಳನ್ನಷ್ಟೇ ಪರೀಕ್ಷಿಸಿ ಔಷಧ ಹುಡುಕುವುದು ಸಾಲದೆಂಬ ಪಾಠ ಇದರಿಂದ ದೊರೆಯಿತು.

ಮಧುಮೇಹದಲ್ಲಿ ಪಾದಗಳು ಉರಿಯುವವರಿಗೂ, ಸರ್ಪಸುತ್ತು ವಾಸಿಯಾದ ಮೇಲೆ ನೋವು ಉಳಿದವರಿಗೂ ಇರುವುದು ನರದ ನೋವೇ. ಸಾಮಾನ್ಯ ನೋವಿನ ಗುಳಿಗೆಗಳು ಇದಕ್ಕೆ ಅಷ್ಟಾಗಿ ನಾಟುವುದಿಲ್ಲ. ಗಾಬಾಪೆಂಟಿನ್, ಅಮಿಟ್ರಿಪ್ಟಿಲಿನ್ ಮೊದಲಾದವನ್ನು ವೈದ್ಯರು ಕೊಡುತ್ತಾರೆ. ಅವುಗಳಿಂದಲೂ ಎಲ್ಲರಿಗೂ ಪೂರ್ಣ ಶಮನ ದೊರೆಯದು. ಬೆನ್ನುಹುರಿಯ ಉರಿಯೂತವನ್ನೇ ತಣಿಸುವ ಮದ್ದು ಇನ್ನೂ ರೂಢಿಗೆ ಬಂದಿಲ್ಲ. ಅಲ್ಲಿಯವರೆಗೂ ಸುತ್ತಲಿನವರು ಮಾಡಬಹುದಾದ ಉಪಕಾರವೊಂದಿದೆ: ನೋವೆಂದವನ ಮಾತನ್ನು ನಂಬುವುದು.