ಮಲೆನಾಡಿನ ಕ್ರೈಸ್ತ ಸಭಾ ಚರಿತ್ರೆ ಮತ್ತು ವಿದ್ಯಾರ್ಥಿ ಬಹುಮಾನ ಪ್ರಬಂಧ

ಸಭಾ ಚರಿತ್ರೆಯನ್ನು ಕುರಿತು ವಿದ್ಯಾರ್ಥಿಗಳಿಂದ ಪ್ರಬಂಧ ಬರೆಯಿಸಿ, ಉತ್ತಮವಾದುದಕ್ಕೆ ಬಹುಮಾನ ನೀಡುವ ಪದ್ಧತಿ ಪಶ್ಚಿಮದ ಪ್ರೆಸ್ಬಿಟೇರಿಯನ್ ಸಭೆಗಳಲ್ಲಿ ರೂಢಿಯಲ್ಲಿದೆ. ಅಮೆರಿಕದಲ್ಲಿ ಪ್ರೆಸ್ಬಿಟೇರಿಯನ್ ಚರಿತ್ರೆಗೆಂದೇ 1852ರಲ್ಲಿ ಸಂಘವೊಂದು ಸ್ಥಾಪನೆಯಾಯಿತು. ಇಂತಹ ಪದ್ಧತಿಯನ್ನು ಸಾಗರ, ಹೊಸನಗರ ಮತ್ತು ತೀರ್ಥಹಳ್ಳಿ ತಾಲೂಕುಗಳಿಗೆ ಅನ್ವಯಿಸುವುದಾದರೆ ವಿದ್ಯಾರ್ಥಿಗೆ ದೊರೆಯುವ ಆಕರಗಳು ಯಾವುವು, ಅವನ್ನು ಓದುವ ಕ್ರಮ ಯಾವುದು ಎಂಬುದನ್ನು ವಿವರಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಮೊದಲಿಗೆ ಪದದ ಅರ್ಥವನ್ನು ಸ್ಪಷ್ಟಪಡಿಸಿಕೊಳ್ಳಬೇಕು. ಗ್ರೀಕ್ ಭಾಷೆಯ 'ಪ್ರೆಸ್ಬಿಟೆರೊಸ್' ಎಂದರೆ ಹಿರಿಯ. ಬಿಷಪ್ಪರ ಬದಲು ಸಭೆಯ ಹಿರಿಯರ ಮಂಡಳಿಯೇ ಆಡಳಿತ ನಡೆಸುವ ವ್ಯವಸ್ಥೆ ಪ್ರೆಸ್ಬಿಟೇರಿಯನ್ ವ್ಯವಸ್ಥೆ. ಜಿನೀವಾದ ಕ್ಯಾಲ್ವಿನ್‌ನ ಚಿಂತನೆಯಲ್ಲಿ ಇದರ ಬೇರುಗಳಿವೆ. 1560ರ ಸುಧಾರಣೆಯ ನಂತರ ಸ್ಕಾಟ್ಲೆಂಡಿನಲ್ಲಿ ಇದು ನೆಲೆಗೊಂಡಿತು. ಕನ್ನಡ ನಾಡಿನಲ್ಲಿ ಈ ಪರಂಪರೆಗೆ ಅತ್ಯಂತ ಸಮೀಪದ್ದೆಂದರೆ ಬಾಸೆಲ್ ಮಿಷನ್. ಸ್ವಿಟ್ಜರ್ಲೆಂಡಿನಲ್ಲಿ 1815ರಲ್ಲಿ ಆರಂಭವಾದ ಈ ಸಂಸ್ಥೆಯಲ್ಲಿ ಸ್ವಿಸ್ ಸುಧಾರಿತ ಪಂಥದವರೂ ಜರ್ಮನಿಯ ಲೂಥರನ್ನರೂ ಜೊತೆಯಾಗಿ ದುಡಿದರು. 1834ರಲ್ಲಿ ಹೆಬಿಕ್, ಲೆಹ್ನರ್ ಮತ್ತು ಗ್ರೈನರ್ ಮಂಗಳೂರಿಗೆ ಬಂದರು. ಇದೇ ಮಿಷನ್ ಆಫ್ರಿಕಾದಲ್ಲಿ ಕಟ್ಟಿದ ಸಭೆ ಇಂದು ಘಾನಾದ ಪ್ರೆಸ್ಬಿಟೇರಿಯನ್ ಸಭೆಯೆಂದು ಹೆಸರಾಗಿದೆ. ಇಲ್ಲಿ ಮಾತ್ರ ಅದರ ಸಭೆಗಳು ಕಾಲಕ್ರಮದಲ್ಲಿ, 1947ರಲ್ಲಿ ರೂಪುಗೊಂಡ ದಕ್ಷಿಣ ಭಾರತ ಸಭೆಯಲ್ಲಿ ವಿಲೀನವಾದವು. ಆ ಐಕ್ಯದಲ್ಲಿ ಆಂಗ್ಲಿಕನ್ನರು, ಮೆಥೊಡಿಸ್ಟರು, ಪ್ರೆಸ್ಬಿಟೇರಿಯನ್ನರು ಮತ್ತು ಕಾಂಗ್ರೆಗೇಷನಲ್ ಪಂಥದವರು ಕೂಡಿದ್ದರು. ಆದ್ದರಿಂದ ಇಲ್ಲಿನ ವಿದ್ಯಾರ್ಥಿಗೆ ಒಂದೇ ಪಂಥದ ಶುದ್ಧ ಚರಿತ್ರೆ ದೊರೆಯಲಾರದು. ಕೂಡಿಕೊಂಡ ಹಲವು ಪರಂಪರೆಗಳ ಚರಿತ್ರೆ ದೊರೆಯುತ್ತದೆ.

ಈ ಮೂರು ತಾಲೂಕುಗಳ ಕ್ರೈಸ್ತ ಸಂಪರ್ಕಕ್ಕೆ ಇನ್ನೂ ಹಳೆಯ ಪದರಗಳಿವೆ. 1623ರಲ್ಲಿ ಪೋರ್ಚುಗೀಸ್ ರಾಯಭಾರಿಯೊಡನೆ ವೆಂಕಟಪ್ಪ ನಾಯಕನ ಇಕ್ಕೇರಿಗೆ ಬಂದ ಇಟಲಿಯ ಪ್ರವಾಸಿ ಪಿಯೆತ್ರೊ ದೆಲ್ಲಾ ವಲ್ಲೆ, ಘಟ್ಟ ಹತ್ತುವ ದಾರಿಯಲ್ಲಿ ಹುಡುಗರು ಮರಳಿನ ಮೇಲೆ ಬೆರಳಿನಿಂದ ಬರೆಯುತ್ತ, ರಾಗವಾಗಿ ಹೇಳುತ್ತ ಲೆಕ್ಕ ಕಲಿಯುತ್ತಿದ್ದುದನ್ನು ದಾಖಲಿಸಿದ್ದಾನೆ. ಕ್ರೈಸ್ತ ಪ್ರವಾಸಿಯೊಬ್ಬನ ಬರಹ ನಮ್ಮ ಮೌಖಿಕ ಶಿಕ್ಷಣ ಪರಂಪರೆಗೆ ಆಕರವಾಗುವುದಾದರೆ, ನಮ್ಮ ಮೌಖಿಕ ಪರಂಪರೆಯೂ ಕ್ರೈಸ್ತ ಚರಿತ್ರೆಗೆ ಆಕರವಾಗಬಲ್ಲದು. ಮುಂದೆ 1763ರಲ್ಲಿ ಇಂದಿನ ಹೊಸನಗರ ತಾಲೂಕಿನ ಬಿದನೂರು ಹೈದರಾಲಿಯ ವಶವಾಯಿತು. 1784ರಲ್ಲಿ ಟಿಪ್ಪು ಕರಾವಳಿಯ ಕ್ರೈಸ್ತರನ್ನು ಸೆರೆಹಿಡಿದು ಶ್ರೀರಂಗಪಟ್ಟಣಕ್ಕೆ ಸಾಗಿಸಿದನು. ಹತ್ತೊಂಬತ್ತನೆಯ ಶತಮಾನದಲ್ಲಿ ಮೈಸೂರು ಸಂಸ್ಥಾನದ ಶಿವಮೊಗ್ಗ ಭಾಗದಲ್ಲಿ ವೆಸ್ಲಿಯನ್ ಮಿಷನ್ ಕೆಲಸ ಮಾಡಿತು.

ಇಷ್ಟೊಂದು ಪದರಗಳಿದ್ದರೂ ಹಳ್ಳಿಯ ಆಡುಮಾತಿನಲ್ಲಿ ಇವರೆಲ್ಲರಿಗೂ ಇದ್ದ ಹೆಸರು ಒಂದೇ: 'ಕಿಲಸ್ತರು'. ಕೊಂಕಣಿ ಮಾತನಾಡುವ ಕ್ಯಾಥೊಲಿಕನೂ ವೆಸ್ಲಿಯನ್ ಉಪದೇಶಿಯೂ ಬಾಸೆಲ್ ಸಭೆಯವನೂ ಈ ಮಾತಿನೊಳಗೆ ಒಂದಾಗುತ್ತಾರೆ. ವಕ್ತೃವು 'ನಮ್ಮೂರಿಗೆ ಪಾದ್ರಿ ಬರುತ್ತಿದ್ದರು' ಎಂದಾಗ ಯಾವ ಸಭೆಯ ಪಾದ್ರಿ, ಯಾವ ಊರಿನಿಂದ, ಯಾವ ಭಾಷೆಯಲ್ಲಿ ಮಾತನಾಡುತ್ತಿದ್ದರು ಎಂದು ಕೇಳದ ವಿದ್ಯಾರ್ಥಿ ಮೊದಲ ಹೆಜ್ಜೆಯಲ್ಲಿಯೇ ಎಡವುತ್ತಾನೆ.

ಲಿಖಿತ ಸಾಹಿತ್ಯವನ್ನೂ ಇದೇ ಎಚ್ಚರದಿಂದ ಬಳಸಬೇಕು. ಕುವೆಂಪು ಅವರ 'ಮಲೆಗಳಲ್ಲಿ ಮದುಮಗಳು' (1967) ಕಾದಂಬರಿಯಲ್ಲಿ ತೀರ್ಥಹಳ್ಳಿ ಪರಿಸರದ ಪಾದ್ರಿ ಜೀವರತ್ನಯ್ಯನೂ ಅವನು ತಂದ 'ಬೀಸೆಕಲ್ಲು', ಅಂದರೆ ಬೈಸಿಕಲ್ಲೂ ಓದುಗರಿಗೆ ಪರಿಚಿತ. ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಮತಾಂತರದ ಮಾತು ಮಲೆನಾಡಿನ ಮನೆಗಳಲ್ಲಿ ಎಬ್ಬಿಸಿದ ಕುತೂಹಲ, ಭಯ ಮತ್ತು ಆಸೆಗಳನ್ನು ಅರಿಯಲು ಈ ಕೃತಿ ನೆರವಾಗುತ್ತದೆ. ಆದರೆ ಜೀವರತ್ನಯ್ಯನನ್ನು ದಾಖಲೆಯ ವ್ಯಕ್ತಿಯೆಂದು ಉಲ್ಲೇಖಿಸಲು ಬರುವುದಿಲ್ಲ. ಕಾದಂಬರಿ ಮನೋಧರ್ಮಕ್ಕೆ ಸಾಕ್ಷಿಯೇ ಹೊರತು ಘಟನೆಗೆ ಸಾಕ್ಷಿಯಲ್ಲ.

ಭೌತಿಕ ಸಾಮಗ್ರಿಗೂ ಒಂದು ಉದಾಹರಣೆ ಕೊಡಬಹುದು. ಬಾಸೆಲ್ ಮಿಷನ್ನಿನ ಹೆಂಚಿನ ಕಾರ್ಖಾನೆಯನ್ನು ಜಾರ್ಜ್ ಪ್ಲೆಬ್ಸ್ಟ್ 1865ರಲ್ಲಿ ಮಂಗಳೂರಿನ ಜೆಪ್ಪುವಿನಲ್ಲಿ ಆರಂಭಿಸಿದನು. ಮಲೆನಾಡಿನ ಹಳೆಯ ಮನೆಗಳ ಮಾಡಿನಲ್ಲಿ ಮಂಗಳೂರು ಹೆಂಚು ಸಾಮಾನ್ಯ. ಮಿಷನ್ನಿನ ಹೆಸರಿನೊಡನೆ 1865 ಎಂಬ ಅಂಕೆಯಿರುವ ಹೆಂಚನ್ನು ಕಂಡೊಡನೆ ಮನೆಯ ಕಾಲ ಅದೇ ಎಂದು ಬರೆದುಬಿಡುವುದು ಸುಲಭ. ಆ ಅಂಕೆ ಕಾರ್ಖಾನೆಯ ಆರಂಭದ ವರ್ಷವೇ ಹೊರತು ಹೆಂಚು ಸುಟ್ಟ ವರ್ಷವಲ್ಲ. ಮೊದಲ ಮಹಾಯುದ್ಧದ ನಂತರ ಈ ಕಾರ್ಖಾನೆಗಳು ಕಾಮನ್‌ವೆಲ್ತ್ ಟ್ರಸ್ಟಿನ ಕೈಸೇರಿದವು. ಆದುದರಿಂದ ಮಿಷನ್ನಿನ ಹೆಸರುಳ್ಳ ಹೆಂಚು ಅದಕ್ಕೂ ಮುಂಚಿನದೆಂದು ಸ್ಥೂಲವಾಗಿ ಹೇಳಬಹುದು. ಹೆಂಚು ಬಂದಲ್ಲೆಲ್ಲ ಧರ್ಮವೂ ಬಂದಿತೆಂದು ಭಾವಿಸುವಂತೆಯೂ ಇಲ್ಲ; ಅದು ಬಂದದ್ದು ಮಾರಾಟದ ಸರಕಾಗಿ.

ಬಾಸೆಲ್ ಮಿಷನ್ನಿನ ದಾಖಲೆಗಳು ಮಂಗಳೂರಿನ ಬಲ್ಮಠದ ಕರ್ನಾಟಕ ಥಿಯಾಲಾಜಿಕಲ್ ಕಾಲೇಜಿನ ಪತ್ರಾಗಾರದಲ್ಲಿಯೂ ಬಾಸೆಲ್ ನಗರದಲ್ಲಿಯೂ ಇವೆ. ಬಾಸೆಲ್‌ನ ದಾಖಲೆಗಳಲ್ಲಿ ಬಹುಪಾಲು ಹಳೆಯ ಜರ್ಮನ್ ಕೈಬರಹದಲ್ಲಿರುವುದರಿಂದ ಪದವಿ ತರಗತಿಯ ವಿದ್ಯಾರ್ಥಿಗೆ ಎಟುಕಲಾರವು. ಅವನಿಗೆ ಎಟುಕುವುದು ಸಮಾಧಿ ಕಲ್ಲಿನ ಬರಹ, ದೀಕ್ಷಾಸ್ನಾನದ ದಾಖಲೆ ಪುಸ್ತಕ, ಶಾಲೆಯ ದಾಖಲಾತಿ ಮತ್ತು ಎಲ್ಲಕ್ಕಿಂತ ಮಿಗಿಲಾಗಿ ಹಿರಿಯರ ನೆನಪು.

ಈ ಕೊನೆಯ ಆಕರದ ವಿಷಯದಲ್ಲಿ ಸಾಗರ ಮತ್ತು ಹೊಸನಗರ ತಾಲೂಕುಗಳ ಸ್ಥಿತಿ ವಿಶಿಷ್ಟವಾದುದು. ಶರಾವತಿಗೆ ಕಟ್ಟಿದ ಹಿರೇಭಾಸ್ಕರ ಅಣೆಕಟ್ಟು 1948ರಲ್ಲಿಯೂ ಲಿಂಗನಮಕ್ಕಿ ಅಣೆಕಟ್ಟು 1964ರಲ್ಲಿಯೂ ಪೂರ್ಣಗೊಂಡವು. ಎರಡನೆಯದರ ಹಿನ್ನೀರಿನಲ್ಲಿ ಮೊದಲನೆಯದೇ ಮುಳುಗಿತು. ಊರುಗಳೊಡನೆ ಮನೆ, ದೈವದ ಬನ, ಸಮಾಧಿಗಳೂ ನೀರಿನಡಿ ಸೇರಿದವು. ಜನ ಬೇರೆ ಬೇರೆ ಕಡೆಗೆ ಚದುರಿದರು. ಮುಳುಗಡೆಯ ಪೂರ್ವದ ಊರನ್ನು ಪ್ರಾಯದಲ್ಲಿ ಕಂಡವರು ಈಗ ಎಂಬತ್ತು ದಾಟಿದ್ದಾರೆ. ಯಾವ ಧರ್ಮದ ಸ್ಥಳೀಯ ಚರಿತ್ರೆಯೇ ಆಗಲಿ, ಈ ಪೀಳಿಗೆಯ ಮಾತನ್ನು ದಾಖಲಿಸಿಕೊಳ್ಳದೆ ಹೋದರೆ ಮತ್ತೆ ಬರೆಯಲು ಸಾಧ್ಯವಿಲ್ಲ. ವಿದ್ಯಾರ್ಥಿ ಬಹುಮಾನದ ನಿಜವಾದ ತುರ್ತು ಇರುವುದು ಇಲ್ಲಿ.

ಪ್ರಬಂಧ ಸ್ಪರ್ಧೆಯೊಂದರ ತೀರ್ಪುಗಾರನಾಗಿದ್ದಾಗ ನಾನು ಕಂಡ ಸಂಗತಿಯೊಂದನ್ನು ಇಲ್ಲಿ ಹೇಳಬೇಕು. ಬಂದಿದ್ದ ಬರಹಗಳಲ್ಲಿ ಹೆಚ್ಚಿನವು ಒಂದೇ ಪುಸ್ತಕದ ಸಾರಾಂಶಗಳಾಗಿದ್ದವು. ಒಬ್ಬ ವಿದ್ಯಾರ್ಥಿನಿ ಮಾತ್ರ ತನ್ನ ಅಜ್ಜಿಯನ್ನು ಮಾತನಾಡಿಸಿ ನಾಲ್ಕು ಪುಟ ಬರೆದಿದ್ದಳು. ಭಾಷೆ ಒರಟಾಗಿದೆಯೆಂದು ನಾವು ಅದಕ್ಕೆ ಬಹುಮಾನ ಕೊಡಲಿಲ್ಲ. ಅಜ್ಜಿ ತೀರಿಹೋದ ಮೇಲೆ ಆ ನಾಲ್ಕು ಪುಟಗಳನ್ನು ಹುಡುಕಿದೆವು; ಅವು ಸಿಗಲಿಲ್ಲ. ಅಳತೆಗೋಲು ತಪ್ಪಿದ್ದು ನಮ್ಮದು.

ಈ ಅನುಭವದಿಂದ ಕೆಲವು ನಿಯಮಗಳನ್ನು ಸೂಚಿಸಬಹುದು. ಶೈಲಿಗಿಂತ ಹೊಸ ಆಕರಕ್ಕೆ ಹೆಚ್ಚಿನ ಅಂಕ ಸಲ್ಲಬೇಕು. ಪ್ರಬಂಧದೊಡನೆ ಕ್ಷೇತ್ರಕಾರ್ಯದ ಟಿಪ್ಪಣಿಯನ್ನೂ ಧ್ವನಿಮುದ್ರಣವನ್ನೂ ಒಪ್ಪಿಸಬೇಕು. ಬಹುಮಾನ ಬರಲಿ ಬಿಡಲಿ, ಅವು ಗ್ರಂಥಾಲಯದಲ್ಲಿ ಉಳಿಯಬೇಕು. ವಕ್ತೃವಿನ ಒಪ್ಪಿಗೆ ಕಡ್ಡಾಯವಾಗಬೇಕು. ಮತಾಂತರದ ನೆನಪಿನೊಡನೆ ಜಾತಿಯ ಅವಮಾನ, ಸಾಲ, ಜೀತ, ಮನೆತನದ ಜಗಳಗಳೂ ಹೆಣೆದುಕೊಂಡಿರುತ್ತವೆ. ಕುಟುಂಬವು ಬಯಸಿದರೆ ಹೆಸರನ್ನು ಮರೆಮಾಡಲು ಅವಕಾಶವಿರಬೇಕು. ಸಭೆಯ ಒಳಗಿನವರನ್ನು ಮಾತ್ರವಲ್ಲದೆ, ಕ್ರೈಸ್ತರಾಗದೆ ಉಳಿದ ನೆರೆಹೊರೆಯವರನ್ನೂ ಕೇಳಬೇಕು. ಒಳಗಿನವರನ್ನಷ್ಟೇ ಕೇಳಿದರೆ ಪ್ರಬಂಧ ಸ್ತುತಿಯಾಗುತ್ತದೆ. ಹೊರಗಿನವರನ್ನಷ್ಟೇ ಕೇಳಿದರೆ ದೂರಾಗುತ್ತದೆ.

ಹಿರಿಯರ ಮಾತಿಗೆ ಅಧಿಕಾರವಿರುವ ಸಭಾವ್ಯವಸ್ಥೆಗೆ ಪ್ರೆಸ್ಬಿಟೇರಿಯನ್ ಎಂದು ಹೆಸರು. ಅಂತಹ ಪರಂಪರೆಯ ಚರಿತ್ರೆಯನ್ನು ಇಲ್ಲಿನ ಹಿರಿಯರ ಮಾತಿನಿಂದಲೇ ಆರಂಭಿಸುವುದು ಶಾಸ್ತ್ರೀಯವಾಗಿಯೂ ಉಚಿತವಾದುದು. ಬಹುಮಾನದ ಮೊತ್ತ ಸಣ್ಣದಾದರೂ ಆದೀತು. ಪ್ರತಿ ವರ್ಷ ಹತ್ತು ವಿದ್ಯಾರ್ಥಿಗಳು ಹತ್ತು ಮನೆಗಳ ಜಗಲಿಯಲ್ಲಿ ಕುಳಿತು ಕೇಳಿ ಬರೆದುಕೊಂಡರೆ, ಮುಂದಿನ ಸಂಶೋಧಕನಿಗೆ ಬೇಕಾದ ಆಕರ ಸಾಮಗ್ರಿ ಸಿದ್ಧವಾಗುತ್ತದೆ.