ಅನಿತಾಗೆ ಏನಾಯಿತು? ‘ಘಾಚರ್ ಘೋಚರ್’ ಓದಿದವರ ಮುಗಿಯದ ಜಗಳ

ವಿವೇಕ ಶಾನಭಾಗರ ‘ಘಾಚರ್ ಘೋಚರ್’ ಓದಿದ ನಾಲ್ಕು ಜನ ಒಂದು ಟೇಬಲ್ಲಿನ ಸುತ್ತ ಕೂತರೆ ಮಾತು ಹೋಗಿ ನಿಲ್ಲುವುದು ಒಂದೇ ಕಡೆ: ಅನಿತಾ ಬದುಕಿದ್ದಾಳಾ? ‘ಕೊಂದುಬಿಟ್ಟರಲ್ರೀ, ಅದರಲ್ಲಿ ಅನುಮಾನ ಏನಿದೆ’ ಅಂತಾರೆ ಒಬ್ಬರು. ‘ಎಲ್ಲಿ ಬರೆದಿದೆ ತೋರಿಸಿ, ತವರಿಗೆ ಹೋದವಳು ಬರೋದು ಒಂದು ದಿನ ತಡವಾಗಿದೆ ಅಷ್ಟೇ’ ಅಂತಾರೆ ಇನ್ನೊಬ್ಬರು. ಮೂರನೆಯವರಿಗೆ ಸಿಟ್ಟು. ‘ಇದೇನು ಅರ್ಧಕ್ಕೆ ನಿಲ್ಲಿಸಿದ್ದಾರೆ? ಬರೆಯೋಕೆ ಗೊತ್ತಾಗಲಿಲ್ವಾ?’ ನಾಲ್ಕನೆಯವರು ಸುಮ್ಮನಿರುತ್ತಾರೆ. ಸಾಮಾನ್ಯವಾಗಿ ಅವರು ಮದುವೆಯಾಗಿ ದೊಡ್ಡ ಮನೆಗೆ ಹೋದ ಹೆಣ್ಣುಮಗಳು.

(ಪುಸ್ತಕ ಓದಿಲ್ಲದವರು ಇಲ್ಲಿಗೇ ನಿಲ್ಲಿಸಿ, ಓದಿ, ವಾಪಸ್ ಬನ್ನಿ. ನೂರು ಚಿಲ್ಲರೆ ಪುಟ, ಒಂದು ಭಾನುವಾರದ ಕೆಲಸ.)

ಕತೆ ಗೊತ್ತಿರುವವರಿಗೂ ಒಮ್ಮೆ ನೆನಪಿಸುತ್ತೇನೆ. ಬೆಂಗಳೂರಿನ ಒಂದು ಕೆಳಮಧ್ಯಮ ವರ್ಗದ ಕುಟುಂಬ. ರೈಲು ಬೋಗಿಗಳಂತೆ ಸಾಲಾಗಿ ಜೋಡಿಸಿದ ಕೋಣೆಗಳ ಸಣ್ಣ ಮನೆ, ಅಪ್ಪನ ಸೇಲ್ಸ್‌ಮನ್ ಸಂಬಳ, ಇರುವೆಗಳ ಕಾಟ. ಅಪ್ಪನ ಕೆಲಸ ಹೋಗುತ್ತದೆ, ಚಿಕ್ಕಪ್ಪ ‘ಸೋನಾ ಮಸಾಲಾ’ ಶುರು ಮಾಡುತ್ತಾನೆ, ದುಡ್ಡು ಹರಿದು ಬರುತ್ತದೆ. ನಿರೂಪಕ ಕಂಪನಿಯಲ್ಲಿ ಹೆಸರಿಗೊಂದು ಹುದ್ದೆ ಇಟ್ಟುಕೊಂಡು, ಕೆಲಸ ಮಾಡದೆ ಸಂಬಳ ತೆಗೆದುಕೊಳ್ಳುವ ಮಗ. ಹೈದರಾಬಾದಿನಿಂದ ಬಂದ ಹೆಂಡತಿ ಅನಿತಾಗೆ ಇದು ಗೊತ್ತಾಗುವುದು ಮದುವೆಯಾದ ಮೇಲೆ. ಅವಳು ಬಾಯಿ ಮುಚ್ಚಿಕೊಂಡಿರುವ ಪೈಕಿ ಅಲ್ಲ. ಕೊನೆಯಲ್ಲಿ ಅವಳು ತವರಿಗೆ ಹೋಗಿದ್ದಾಳೆ, ಬರಬೇಕಾದ ಹೊತ್ತಿಗೆ ಬಂದಿಲ್ಲ, ಇವನು ಕಾಫಿ ಹೌಸಿನಲ್ಲಿ ಕೂತಿದ್ದಾನೆ. ಗ್ಲಾಸು ಒಡೆದು ಕೈಗೆ ಗಾಯ. ವೇಟರ್ ವಿನ್ಸೆಂಟ್ ಆ ರಕ್ತವನ್ನು ತೋರಿಸುತ್ತಾನೆ. ಪುಸ್ತಕ ಮುಗಿಯಿತು.

ಇಂಜಿನಿಯರಿಂಗ್ ಓದಿ ಆಮೇಲೆ ಪತ್ರಿಕೋದ್ಯಮಕ್ಕೆ ಬಂದ ನನಗೆ ಇಂಥ ಜಗಳಗಳಲ್ಲಿ ಮೊದಲು ಲಾಗ್ ಫೈಲ್ ತೆರೆಯೋಣ ಅನ್ನಿಸುತ್ತದೆ. (ಶಾನಭಾಗರೂ ಇಂಜಿನಿಯರೇ, ಹಾಗಾಗಿ ತಪ್ಪು ತಿಳಿಯಲಾರರು.) ಪುಸ್ತಕದಲ್ಲಿ ದಾಖಲಾಗಿರುವುದು ಏನು? ಹೆಣ ಇಲ್ಲ. ಕೊಲೆಯ ಆದೇಶ ಇಲ್ಲ. ಆದರೆ ಗಂಡನನ್ನು ಬಿಟ್ಟು ಬಂದ ಮಾಲತಿ ತನ್ನ ಒಡವೆ ತರಲು ಹೋದಾಗ ಜೊತೆಗೆ ಹೋದದ್ದು ಲಾಯರ್ ಅಲ್ಲ, ಚಿಕ್ಕಪ್ಪನ ಕಡೆಯ ಒರಟು ಗಂಡಸರು. ಅಂದರೆ ಅಂಥವರು ಈ ಮನೆಯ ಒಂದು ಫೋನ್ ಕರೆಯ ದೂರದಲ್ಲಿದ್ದಾರೆ. ಅನಿತಾ ಊರಿನಲ್ಲಿಲ್ಲದಾಗ ಮನೆಮಂದಿಯೆಲ್ಲ ಒಟ್ಟಿಗೆ ಕೂತು, ಕೊಲೆ ಮಾಡಿ ದಕ್ಕಿಸಿಕೊಳ್ಳುವುದು ಎಷ್ಟು ಸಲೀಸು ಎಂಬ ಧಾಟಿಯಲ್ಲಿ ಹರಟುತ್ತಾರೆ. ಬಹಳ ದಿನದ ಮೇಲೆ ಮನೆಯಲ್ಲಿ ಹಿತವಾದ ವಾತಾವರಣ. ಇಷ್ಟೇ ಸಾಕ್ಷ್ಯ. ಇದರಿಂದ ‘ಕೊಂದರು’ ಎಂದು ಸಾಧಿಸಲು ಆಗುವುದಿಲ್ಲ. ‘ಏನೂ ಆಗಿಲ್ಲ’ ಎಂದು ಹೇಳಲೂ ಆಗುವುದಿಲ್ಲ. ಯಾಕೆಂದರೆ ಲಾಗ್ ಬರೆಯುತ್ತಿರುವವನೇ ಆರೋಪಿಗಳ ಪೈಕಿ ಒಬ್ಬ.

‘ಎಲ್ಲಿ ಬರೆದಿದೆ ತೋರಿಸಿ’ ಅನ್ನುವವರು ಮರೆಯುವುದು ಇದನ್ನೇ. ಈ ನಿರೂಪಕ ಸುಳ್ಳುಗಾರನಲ್ಲ. ಸುಳ್ಳು ಹೇಳುವ ಶ್ರಮವನ್ನೂ ತೆಗೆದುಕೊಳ್ಳದವನು. ಅವನ ಕಸುಬು ಕೇಳದೆ ಇರುವುದು. ದುಡ್ಡು ಎಲ್ಲಿಂದ ಬರುತ್ತದೆ ಎಂದು ಕೇಳುವುದಿಲ್ಲ, ಬಾಗಿಲಿಗೆ ಬಂದ ಹೆಂಗಸು ಯಾರು ಎಂದು ಚಿಕ್ಕಪ್ಪನನ್ನು ಕೇಳುವುದಿಲ್ಲ. ಇಷ್ಟೆಲ್ಲ ಸೂಕ್ಷ್ಮವಾಗಿ ಮನೆಯವರನ್ನು ಗಮನಿಸಬಲ್ಲ ಮನುಷ್ಯ, ಹೆಂಡತಿ ಬಂದಿಲ್ಲದ ದಿನ ಮಾಡುವ ಕೆಲಸ ಅಂದರೆ ಕಾಫಿ ಹೌಸಿನಲ್ಲಿ ಕೂತು ನಮಗೆ ಕತೆ ಹೇಳುವುದು. ನಾನು ಮೊದಲಿನಿಂದಲೂ ‘ಕೊಲೆ ಆಗಿದೆಯೋ ಇಲ್ಲವೋ, ಇವನಿಗೆ ಅದು ಸಾಧ್ಯ ಅಂತ ಗೊತ್ತಿದೆ’ ಎಂಬ ಪಕ್ಷದವ. ಆ ರಕ್ತ ಯಾರದ್ದೆಂದು ಕೇಳುವ ಅಗತ್ಯವೇ ನನಗೆ ಕಾಣುವುದಿಲ್ಲ.

‘ಅಷ್ಟೊಂದು ಕರಾಳ ಏನಿಲ್ಲಪ್ಪ, ನಮ್ಮ ಮನೆಗಳ ಕತೆ, ನಗು ಬರುತ್ತೆ’ ಅನ್ನುವ ಓದುಗರೂ ಬಹಳ. ಅವರು ಹೇಳುವುದು ಸುಳ್ಳಲ್ಲ. ಹೆಚ್ಚಿನ ಪುಟಗಳು ನಗಿಸುತ್ತವೆ. ಹೊಸ ಮನೆ, ಅದಕ್ಕೆ ಒಗ್ಗದ ಸಾಮಾನು, ದುಡ್ಡು ಬಂದ ಮೇಲೆ ಬದಲಾಗುವ ಮಾತಿನ ಗತ್ತು, ಎಲ್ಲ ನಾವು ನೋಡಿದ್ದೇ. ಯಶವಂತ ಚಿತ್ತಾಲರ ‘ಶಿಕಾರಿ’ (1979) ಓದುವಾಗ ನಾಗಪ್ಪನ ಜೊತೆ ನಮಗೂ ಶುರುವಿನಿಂದಲೇ ಉಸಿರುಗಟ್ಟುತ್ತದೆ, ಕತ್ತಲೆ ಅಂತ ಗೊತ್ತಿದ್ದೇ ಒಳಗೆ ಹೋಗುತ್ತೇವೆ. ಇಲ್ಲಿ ಹಾಗಲ್ಲ. ಟ್ಯೂಬ್‌ಲೈಟ್ ಉರಿಯುತ್ತಿರುವ ಹಾಲ್‌ನಲ್ಲಿ ಸೋಫಾ ಮೇಲೆ ಕೂರಿಸಿ ಚಹಾ ಕೊಡುತ್ತಾರೆ. ನಾವು ನಕ್ಕ ಮೇಲೆ ಗೊತ್ತಾಗುತ್ತದೆ, ಯಾವ ಮಾತಿಗೆ ನಕ್ಕೆವು ಅಂತ.

ಇನ್ನೊಂದು ಆಕ್ಷೇಪಣೆಗೆ ತೂಕ ಜಾಸ್ತಿ. ಇದರಲ್ಲಿ ಅತಿ ಹೆಚ್ಚು ಕ್ರೌರ್ಯ ತೋರಿಸುವವರು ಹೆಂಗಸರೇ ಅಲ್ವಾ? ಅಮ್ಮ, ಮಾಲತಿ. ಚಿಕ್ಕಪ್ಪನನ್ನು ಕೇಳಿಕೊಂಡು ಒಬ್ಬ ಹೆಂಗಸು ಮಸೂರ ಬೇಳೆಯ ಸಾರು ಹಿಡಿದು ಬಾಗಿಲಿಗೆ ಬಂದಾಗ, ಅವಳನ್ನು ಬಾಯಿಗೆ ಬಂದಂತೆ ಬೈದು ಅಟ್ಟುವವರು ಇವರಿಬ್ಬರು. ಸಾರು ಬೀದಿಪಾಲು. ‘ಅತ್ತೆ-ನಾದಿನಿಯೇ ವಿಲನ್ ಅನ್ನೋ ಸೀರಿಯಲ್ ಫಾರ್ಮುಲಾ ತಾನೇ ಇದು’ ಎಂದು ಕೇಳಿದ ಓದುಗಿಯರನ್ನು ನಾನು ಬಲ್ಲೆ. ಪ್ರಶ್ನೆ ನ್ಯಾಯವಾದದ್ದೇ. ಆದರೆ ಆ ದೃಶ್ಯವನ್ನು ಇನ್ನೊಮ್ಮೆ ಓದಿ, ಗಂಡಸರು ಎಲ್ಲಿದ್ದಾರೆ ನೋಡಿ. ಯಾರ ಹೆಸರು ಹಿಡಿದು ಅವಳು ಬಂದಳೋ ಆ ಮನುಷ್ಯ ಹೊರಗೆ ಬರುವುದಿಲ್ಲ. ನಿರೂಪಕ ನೋಡುತ್ತಾ ನಿಲ್ಲುತ್ತಾನೆ. ದುಡಿಯುವವನೊಬ್ಬನನ್ನು ಕಳೆದುಕೊಂಡರೆ ಮತ್ತೆ ಇರುವೆಗಳ ಮನೆಗೆ ವಾಪಸ್ ಎಂಬ ಹೆದರಿಕೆ ಎಲ್ಲರದ್ದು. ಬೈಯುವ ಕೂಲಿಕೆಲಸ ಮಾತ್ರ ಹೆಂಗಸರದ್ದು. ಆ ಹೊತ್ತಿನಲ್ಲಿ ಇದು ತಪ್ಪು ಎಂದು ಹೇಳುವ ಒಬ್ಬಳೇ ಒಬ್ಬಳು ಅನಿತಾ. ಹೇಳಿದ ಮೇಲೆ ಅವಳ ಗತಿಯೇ ನಮ್ಮ ಚರ್ಚೆಯ ವಿಷಯ ಆಗಿದೆ.

ಪುಸ್ತಕ ಕನ್ನಡದಲ್ಲಿ ಬಂದದ್ದು 2013ರಲ್ಲಿ. ಶ್ರೀನಾಥ್ ಪೆರೂರ್ ಮಾಡಿದ ಇಂಗ್ಲಿಷ್ ಅನುವಾದ 2015ರಲ್ಲಿ ಇಲ್ಲಿ, 2017ರಲ್ಲಿ ಅಮೆರಿಕದಲ್ಲಿ ಪ್ರಕಟವಾಯಿತು. ಅಲ್ಲಿಂದ ಓದುಗರ ಇನ್ನೊಂದು ಗುಂಪು ಸೇರಿಕೊಂಡಿತು. ಇಂಗ್ಲಿಷ್‌ನಲ್ಲಿ ಓದಿದ ಅನೇಕರಿಗೆ ಇದು ಉದಾರೀಕರಣದ ನಂತರದ ಭಾರತದ ರೂಪಕ: ಹೊಸ ದುಡ್ಡು, ಹಳೆ ನೀತಿ, ಕುಸಿತ. ಸರಿಯಾದ ಓದೇ, ಆದರೆ ಸ್ವಲ್ಪ ದೂರದ್ದು. ಕನ್ನಡದಲ್ಲಿ ಓದಿದವರಿಗೆ ‘ಭಾರತ’ ಕಾಣುವುದಿಲ್ಲ, ಚಿಕ್ಕಪ್ಪ ಕಾಣುತ್ತಾನೆ. ಊಟಕ್ಕೆ ಮೊದಲು ಅವನಿಗೆ ಬಡಿಸುವುದು ಕಾಣುತ್ತದೆ. ಒಂದು ವಿಷಯದಲ್ಲಿ ಮಾತ್ರ ಎರಡೂ ಗುಂಪು ಸಮಾನ. ‘ಘಾಚರ್ ಘೋಚರ್’ ಕನ್ನಡದ ಪದ ಅಂತ ಹೊರಗಿನವರು ಅಂದುಕೊಂಡರೆ, ಅದು ನಮಗೂ ಗೊತ್ತಿಲ್ಲದ ಪದ. ಅನಿತಾ ಮತ್ತು ಅವಳ ತಮ್ಮ ಬಾಲ್ಯದಲ್ಲಿ ಗಂಟುಗಂಟಾದ ಗಾಳಿಪಟದ ದಾರಕ್ಕೆ ಹುಟ್ಟಿಸಿದ ಪದ. ಅವಳು ಆ ಮನೆಗೆ ತಂದದ್ದು, ಪುಸ್ತಕದ ಹೆಸರಾಗಿ ಉಳಿದದ್ದು ಅದು.

ಕತೆಯಷ್ಟೇ ತಾನೇ, ಇಷ್ಟೆಲ್ಲ ಯಾಕೆ ಅಂತ ಕೇಳಬಹುದು. ಬೆಂಗಳೂರಿನಲ್ಲಿ ಈ ‘ಎಲ್ಲಿ ಬರೆದಿದೆ’ ಎಂಬ ಪ್ರಶ್ನೆಗೆ ಒಂದು ಇತಿಹಾಸ ಇದೆ. 1990ರ ದಶಕದಲ್ಲಿ ‘ವಿಮೋಚನಾ’ ಸಂಘಟನೆಯವರು ವಿಕ್ಟೋರಿಯಾ ಆಸ್ಪತ್ರೆಯ ಸುಟ್ಟಗಾಯಗಳ ವಾರ್ಡಿನಲ್ಲಿ, ಪೊಲೀಸ್ ದಾಖಲೆಗಳಲ್ಲಿ ಹುಡುಕುತ್ತಾ ಹೋದಾಗ, ಮದುವೆಯಾದ ಯುವತಿಯರ ಸಾವಿಗೆ ಮತ್ತೆ ಮತ್ತೆ ಸಿಕ್ಕ ಕಾರಣ ಸ್ಟೌ ಸಿಡಿತ. ಅಪಘಾತ. ಬರೆದಿರುವುದು ಅಷ್ಟೇ. ಹೇಳಿಕೆ ಕೊಟ್ಟವರು ಮನೆಯವರೇ. ನಾಲ್ಕು ಗೋಡೆಯೊಳಗೆ ಹೊರಗಿನ ಸಾಕ್ಷಿ ಇರುವುದಿಲ್ಲ ಎಂಬುದನ್ನು ಕಾನೂನು ಒಪ್ಪಿಕೊಂಡದ್ದು 1986ರಲ್ಲಿ, ದಂಡ ಸಂಹಿತೆಗೆ 304ಬಿ ಸೇರಿಸಿ. ಮದುವೆಯಾದ 7 ವರ್ಷದೊಳಗೆ ಹೆಣ್ಣುಮಗಳು ಅಸಹಜವಾಗಿ ಸತ್ತಿದ್ದು, ಸಾವಿಗೆ ಸ್ವಲ್ಪ ಮೊದಲು ವರದಕ್ಷಿಣೆಗಾಗಿ ಹಿಂಸೆ ಆಗಿತ್ತೆಂದು ತೋರಿಸಿದರೆ, ಅದಕ್ಕೆ ಗಂಡ ಅಥವಾ ಅವನ ಕಡೆಯವರು ಕಾರಣ ಎಂದೇ ಕೋರ್ಟು ಮೊದಲು ಭಾವಿಸಬೇಕು. ಅಲ್ಲ ಅನ್ನುವುದನ್ನು ಸಾಬೀತು ಮಾಡುವ ಹೊಣೆ ಅವರದ್ದು. ಈಗ ಇದು ಭಾರತೀಯ ನ್ಯಾಯ ಸಂಹಿತೆಯ ಸೆಕ್ಷನ್ 80. ಅನಿತಾಳದ್ದು ವರದಕ್ಷಿಣೆಯ ಕತೆಯಲ್ಲ, ಈ ಸೆಕ್ಷನ್ ಅವಳಿಗೆ ಉಪಯೋಗಕ್ಕೂ ಬರುವುದಿಲ್ಲ. ಆದರೆ ದಾಖಲೆಯಲ್ಲಿ ಇಲ್ಲ ಅಂದಮಾತ್ರಕ್ಕೆ ನಡೆದಿಲ್ಲ ಅಂತಲ್ಲ ಎಂಬುದನ್ನು ಈ ಊರು ಕಷ್ಟಪಟ್ಟು ಕಲಿತಿದೆ. ಕಾಫಿ ಹೌಸಿನಲ್ಲಿ ನಿರೂಪಕನಿಗೆ ಪರಿಚಯವಾಗುವ ಚಿತ್ರಾ ಮಹಿಳಾ ಸಂಘಟನೆಯೊಂದರಲ್ಲಿ ಕೆಲಸ ಮಾಡುವವಳು, ಮನೆಯಿಂದ ಹೊರಹಾಕಿಸಿಕೊಂಡ ಹೆಂಗಸರ ಕತೆ ಹೇಳುವವಳು. ಅವಳನ್ನು ಸುಮ್ಮನೆ ಅಲ್ಲಿ ಕೂರಿಸಿದ್ದಾರೆ ಅಂತ ನನಗನ್ನಿಸುವುದಿಲ್ಲ.

ಅರ್ಧಕ್ಕೆ ನಿಲ್ಲಿಸಿದರು ಎಂದು ಸಿಟ್ಟಾದವರಿಗೆ ಶಾನಭಾಗರ ಮುಂದಿನ ಕಾದಂಬರಿಗಳಲ್ಲೊಂದಾದ ‘ಸಕೀನಾಳ ಮುತ್ತು’ (2021) ಇನ್ನಷ್ಟು ಸಿಟ್ಟು ತರಿಸುತ್ತದೆ ಎಂದು ಮೊದಲೇ ಹೇಳಿಬಿಡುತ್ತೇನೆ. ಅಲ್ಲಿಯೂ ಸಂಪರ್ಕಕ್ಕೆ ಸಿಗದ ಒಬ್ಬ ಹೆಣ್ಣುಮಗಳು, ಈ ಸಲ ಮಗಳು. ಅಲ್ಲಿಯೂ ತನ್ನ ಬಗ್ಗೆ ಬಹಳ ಒಳ್ಳೆಯ ಅಭಿಪ್ರಾಯ ಇಟ್ಟುಕೊಂಡ ಗಂಡಸು ಕತೆ ಹೇಳುತ್ತಾನೆ. ಅದಕ್ಕೆ ಹೋಗುವ ಮುಂಚೆ ‘ಘಾಚರ್ ಘೋಚರ್’ ಇನ್ನೊಮ್ಮೆ ಓದುವವರಿದ್ದರೆ, ಕೊನೆಯ ಪುಟಕ್ಕೆ ಹಾರಬೇಡಿ. ಹಳೆ ಮನೆಯ ಇರುವೆಗಳ ಭಾಗ ತೆರೆಯಿರಿ. ಅಮ್ಮ ಅವುಗಳ ಮೇಲೆ ಸಾರುವ ಯುದ್ಧ ತಮಾಷೆಯಾಗಿಯೇ ಇದೆ. ಈ ಸಲ ಇರುವೆಗಳನ್ನು ಬಿಟ್ಟು, ಪಕ್ಕದಲ್ಲಿ ನಿಂತು ಅದನ್ನು ನಮಗೆ ವರ್ಣಿಸುತ್ತಿರುವ ಹುಡುಗನ ದನಿ ಕೇಳಿಸಿಕೊಳ್ಳಿ.